ಸಂಶಯ ಮಾರಿದ ವ್ಯಾಪಾರ





ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸದೆ ಒಪ್ಪಬೇಡಿ ಎಂಬುದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುವ ಪಾಠ. ಈ ಜುಮಾದ ಬಯಾನ್‌ನಲ್ಲಿ ಇದೇ ಪಾಠವನ್ನು ತಂಬಾಕಿನ ವಿಷಯಕ್ಕೆ ಅನ್ವಯಿಸಿ ಹೇಳಿದೆವು. ಅದರ ಸಾರ ಇಲ್ಲಿದೆ.

ಬೀಡಿ, ಸಿಗರೇಟು, ಜರ್ದಾ ಬಿಡಿ ಎಂದಾಗ ನಾವು ಸಾಮಾನ್ಯವಾಗಿ ಎರಡು ಉತ್ತರ ಕೇಳುತ್ತೇವೆ. “ನಮ್ಮ ದಾದಾ ತೊಂಬತ್ತು ವರ್ಷ ಬೀಡಿ ಸೇದಿಯೇ ಬದುಕಿದರು” ಎಂಬುದು ಒಂದು. “ಇದರಿಂದಲೇ ಕ್ಯಾನ್ಸರ್ ಬರುತ್ತದೆಂದು ಪೂರ್ತಿ ಸಾಬೀತಾಗಿಲ್ಲವಂತೆ” ಎಂಬುದು ಇನ್ನೊಂದು. ಎರಡನೆಯ ಮಾತು ತಾನಾಗಿ ಹುಟ್ಟಿದ್ದಲ್ಲ. ಅದನ್ನು ಹಣ ಕೊಟ್ಟು ಹುಟ್ಟಿಸಲಾಯಿತು.

1950ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1953ರ ಡಿಸೆಂಬರಿನಲ್ಲಿ ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಬಂತು. ಜನರ ಆರೋಗ್ಯ ನಮ್ಮ ಹೊಣೆ, ಸತ್ಯ ತಿಳಿಯಲು ಸಂಶೋಧನೆಗೆ ಹಣ ಕೊಡುತ್ತೇವೆ ಎಂಬುದು ಅದರ ತಾತ್ಪರ್ಯ. ಅದಕ್ಕಾಗಿ ಒಂದು ಸಂಶೋಧನಾ ಸಮಿತಿಯೂ ಹುಟ್ಟಿತು.

ಆ ಸಮಿತಿ ನಡೆದ ರೀತಿ ಹೇಗಿತ್ತು? ಹೆಸರು ಮಾಡಿದ ವಿಜ್ಞಾನಿಗಳಿಗೆ ಹಣ ಸಿಕ್ಕಿತು, ಆದರೆ ಬಹಳಷ್ಟು ಹಣ ಹೋದದ್ದು ಕ್ಯಾನ್ಸರಿಗೆ ಬೇರೆ ಕಾರಣ ಹುಡುಕುವ ಕೆಲಸಕ್ಕೆ. ಕೆಲವು ಯೋಜನೆಗಳನ್ನು ಆರಿಸಿದವರು ವಿಜ್ಞಾನಿಗಳೇ ಅಲ್ಲ, ಕಂಪನಿಗಳ ವಕೀಲರು. 1969ರ ಒಂದು ಕಂಪನಿಯ ಒಳಕಾಗದದಲ್ಲಿ, ತಾವು ತಯಾರಿಸುವ ಸರಕು ಸಂಶಯವೇ ಎಂಬ ಅರ್ಥದ ಮಾತಿದೆ. ನಿಕೋಟಿನ್ ಚಟ ಹಿಡಿಸುವ ವಸ್ತು ಎಂಬುದು 1963ರಲ್ಲೇ ಇನ್ನೊಂದು ಒಳಕಾಗದದಲ್ಲಿ ದಾಖಲಾಗಿತ್ತು. ಆದರೂ 1994ರಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ ಸಮಿತಿಯ ಮುಂದೆ ಪ್ರಮಾಣ ಮಾಡಿ, ಅದು ಚಟ ಹಿಡಿಸುವುದಿಲ್ಲವೆಂದು ನಂಬಿದ್ದೇವೆ ಎಂದರು. ಸುಳ್ಳು ಸಾಕ್ಷಿ ಮಹಾಪಾಪಗಳಲ್ಲೊಂದು ಎಂದು ಪ್ರವಾದಿ (ಸ) ಏಕೆ ಎಚ್ಚರಿಸಿದರೆಂಬುದು ಇಲ್ಲಿ ಅರ್ಥವಾಗುತ್ತದೆ. 2006ರಲ್ಲಿ ಅಮೆರಿಕದ ನ್ಯಾಯಾಲಯವೂ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪು ಕೊಟ್ಟಿತು.

ಇದು ದೂರದ ಕತೆಯೆಂದು ತಿಳಿಯಬೇಡಿ. 2010ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತಂಬಾಕು ಉದ್ಯಮದ ಜಾಗತಿಕ ಸಮಾವೇಶ ಏರ್ಪಾಡಾಗಿತ್ತು. ಅದಕ್ಕೆ ಕೇಂದ್ರ ಸರಕಾರದ ತಂಬಾಕು ಮಂಡಳಿಯೇ ಕೈಜೋಡಿಸಿತ್ತು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಹೈಕೋರ್ಟಿಗೆ ಹೋಯಿತು, ಮಂಡಳಿ ಹಿಂದೆ ಸರಿಯಬೇಕಾಯಿತು. ಭಾರತ 2004ರಲ್ಲಿ ಒಪ್ಪಿದ ತಂಬಾಕು ನಿಯಂತ್ರಣ ಒಪ್ಪಂದದ 5.3ನೇ ವಿಧಿ, ಆರೋಗ್ಯ ನೀತಿಯನ್ನು ಈ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕು ಎನ್ನುತ್ತದೆ.

2015ರಲ್ಲಿ ಪೊಟ್ಟಣದ ಮೇಲೆ ಶೇ. 85ರಷ್ಟು ಎಚ್ಚರಿಕೆ ಚಿತ್ರ ಬರಬೇಕಿದ್ದಾಗ ಸಂಸತ್ ಸಮಿತಿಯೊಂದು ಅದನ್ನು ತಡೆಹಿಡಿಯಲು ಶಿಫಾರಸು ಮಾಡಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಅಧ್ಯಯನಗಳೆಲ್ಲ ವಿದೇಶದವು, ಭಾರತದ್ದು ಇಲ್ಲ ಎಂದರು ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ಬೀಡಿ ಉದ್ಯಮಿಯಾಗಿದ್ದರು. ನಿಜ ಬೇರೆಯೇ ಇತ್ತು. ತಿರುವಾಂಕೂರಿನಲ್ಲಿ ಎಲೆಯಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಕುರಿತು 1933ರಲ್ಲೇ ಅಧ್ಯಯನ ಪ್ರಕಟವಾಗಿತ್ತು. ತಂಬಾಕು ಸೇದುವ ಮತ್ತು ಜಗಿಯುವವರ ಬಗ್ಗೆ 1955ರಲ್ಲಿ ಮುಂಬೈಯ ಸಂಶೋಧಕರು ಬರೆದಿದ್ದರು. ಕೊನೆಗೆ 2016ರ ಏಪ್ರಿಲ್‌ನಿಂದ ಚಿತ್ರಗಳು ಬಂದವು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು.

ಹಾಗಾದರೆ ಕಂಪನಿ ಹಣದ ಸಂಶೋಧನೆಯೆಲ್ಲ ಸುಳ್ಳೇ? ಹಾಗೆ ಹೇಳಿದರೆ ಅದೂ ಅನ್ಯಾಯ. ಆದರೆ ಮೂರು ಪ್ರಶ್ನೆ ಕೇಳಲೇಬೇಕು: ಹಣ ಕೊಟ್ಟವರು ಯಾರು? ಏನನ್ನು ಹುಡುಕಬೇಕೆಂದು ನಿರ್ಧರಿಸಿದವರು ಯಾರು? ಫಲಿತಾಂಶ ತಮಗೆ ವಿರುದ್ಧವಾದರೂ ಪ್ರಕಟಿಸುವ ಸ್ವಾತಂತ್ರ್ಯ ಇತ್ತೇ? ನಿಕೋಟಿನ್ನಿನ ಹೊಸ ಸರಕುಗಳು “ಕಡಿಮೆ ಹಾನಿ” ಎಂಬ ಹೆಸರಿನಲ್ಲಿ ನಮ್ಮ ಮಕ್ಕಳ ಮೊಬೈಲಿಗೆ ಬಂದಾಗಲೂ ಇದೇ ಪ್ರಶ್ನೆಗಳು.

ಇನ್ನು ದಾದಾರ ಮಾತು. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಗಮನಿಸಿದ ಅಧ್ಯಯನದಲ್ಲಿ, ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. ಸರಾಸರಿ ಎಂದ ಮೇಲೆ ಕೆಲವರು ತೊಂಬತ್ತು ದಾಟುತ್ತಾರೆ. ಅವರು ನಮ್ಮ ಕಣ್ಣಿಗೆ ಕಾಣುತ್ತಾರೆ, ನಲವತ್ತರಲ್ಲೇ ಹೋದವರು ಕಬರಸ್ತಾನದಲ್ಲಿದ್ದಾರೆ. ಅದೇ ಅಧ್ಯಯನದಲ್ಲಿ ಸಮಾಧಾನವೂ ಇದೆ: 40ರಲ್ಲಿ ಬಿಟ್ಟವರು ಸುಮಾರು 9 ವರ್ಷ, 60ರಲ್ಲಿ ಬಿಟ್ಟವರೂ ಸುಮಾರು 3 ವರ್ಷ ಗಳಿಸಿಕೊಂಡರು.

ಭಾಗ್ಯನಗರದ ಮಗ್ಗದ ಮನೆಗಳಲ್ಲಿ, ಕೂದಲು ಕೆಲಸದ ಶೆಡ್‌ಗಳಲ್ಲಿ ದುಡಿಯುವ ನಮ್ಮ ಯುವಕರಿಗೆ ಇದನ್ನು ಮುಟ್ಟಿಸಿ. ಬೈಯಬೇಡಿ, ಚಟಕ್ಕೆ ಬಿದ್ದವನು ಮೋಸಹೋದವನೂ ಹೌದು. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ದೇಹವೂ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಪಾಡುವ ತೌಫೀಕನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.