ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್: ಮೈನಿಂಗ್‌ನಲ್ಲಿ ದುಡಿದು ಸವೆದದ್ದನ್ನ ಗುರುತಿಸೋದು ಹೇಗೆ?

ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಚೆನ್ನೈನ ರಿಚ್ಚಿ ಸ್ಟ್ರೀಟ್ ಇರಲಿ, ಹಳೇ ಗ್ರಾಫಿಕ್ಸ್ ಕಾರ್ಡ್ ಕೇಳಿದ್ರೆ ಸಿಗೋ ಮಾತು ಒಂದೇ: "ಭಾಯ್, ಬರೀ ಗೇಮಿಂಗ್‌ಗೆ ಯೂಸ್ ಮಾಡಿರೋದು." ರೂಮ್ ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸಿ, ಉಳಿದದ್ದರಲ್ಲಿ ಕಾರ್ಡ್ ತಗೊಳ್ಳೋರು ನಮ್ಮಲ್ಲಿ ಬಹಳ ಜನ. ಕಾರ್ಡ್ ಒಂದು ತಿಂಗಳಿಗೆ ಕೈಕೊಟ್ರೆ ಮಾರಿದವನ ಫೋನ್ ಸ್ವಿಚ್ ಆಫ್. ಹಾಗಾಗಿ ದುಡ್ಡು ಕೊಡೋ ಮುಂಚೆ ನಾನು ಏನೇನು ನೋಡ್ತೀನಿ ಅಂತ ಇವತ್ತು ಹೇಳ್ತೀನಿ.

ಮೊದಲು ಹಿನ್ನೆಲೆ. 2022ರ ಸೆಪ್ಟೆಂಬರ್ 15ರವರೆಗೆ ಎಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯವನ್ನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಮೈನ್ ಮಾಡ್ತಿದ್ರು. ಅವತ್ತು ಎಥೀರಿಯಂ ತನ್ನ ವ್ಯವಸ್ಥೆಯನ್ನೇ ಬದಲಾಯಿಸಿತು, ಮೈನಿಂಗ್‌ನ ಅಗತ್ಯವೇ ಇಲ್ಲದಂತಾಯ್ತು. ಸಾಲಾಗಿ ಜೋಡಿಸಿಟ್ಟಿದ್ದ ಕಾರ್ಡ್‌ಗಳೆಲ್ಲ ಮಾರ್ಕೆಟ್ಟಿಗೆ ಬಂದವು. ಅವು ಕೈಯಿಂದ ಕೈಗೆ ದಾಟಿ ಈಗಲೂ ಓಡಾಡ್ತಿವೆ. ಆರ್‌ಟಿಎಕ್ಸ್ 3060, 3070, 3080 ಮತ್ತು ಆರ್‌ಎಕ್ಸ್ 570, 580 ಕೊಳ್ಳುವಾಗ ಹೆಚ್ಚು ಹುಷಾರಾಗಿರಿ.

ದಿನಕ್ಕೆ 3 ಗಂಟೆ ಗೇಮ್ ಆಡಿದ್ರೆ ವರ್ಷಕ್ಕೆ ಸುಮಾರು 1,100 ಗಂಟೆ. ಮೈನಿಂಗ್ ಕಾರ್ಡ್ ಹಗಲೂ ರಾತ್ರಿ ಓಡಿದ್ರೆ ವರ್ಷಕ್ಕೆ 8,760 ಗಂಟೆ. ಅಂದ್ರೆ ಒಂದೇ ವರ್ಷದಲ್ಲಿ ಎಂಟು ವರ್ಷದ ದುಡಿಮೆ. ಆದ್ರೆ ಎಲ್ಲ ಭಾಗವೂ ಒಂದೇ ರೀತಿ ಸವೆಯೋದಿಲ್ಲ. ಎಥೀರಿಯಂ ಮೈನಿಂಗ್‌ಗೆ ಮುಖ್ಯವಾಗಿ ಬೇಕಾದದ್ದು ಮೆಮೊರಿ ವೇಗ. ಕರೆಂಟ್ ಬಿಲ್ ಉಳಿಸೋಕೆ ಮೈನರ್‌ಗಳು ಮುಖ್ಯ ಚಿಪ್‌ನ ವೋಲ್ಟೇಜ್ ಇಳಿಸ್ತಿದ್ರು, ಮೆಮೊರಿಯನ್ನ ಮಾತ್ರ ಓವರ್‌ಕ್ಲಾಕ್ ಮಾಡ್ತಿದ್ರು. ಹೀಗಾಗಿ ಚಿಪ್ ಚೆನ್ನಾಗೇ ಇರಬಹುದು. ಪೆಟ್ಟು ಬೀಳೋದು ಮೆಮೊರಿ, ಅದರ ಮೇಲಿನ ಥರ್ಮಲ್ ಪ್ಯಾಡ್ ಮತ್ತು ಫ್ಯಾನ್‌ಗಳಿಗೆ.

ಜಾತ್ರೆಯಲ್ಲಿ ಎತ್ತು ಕೊಳ್ಳೋರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಇಲ್ಲಿ ನಾವು ನೋಡಬೇಕಾದ ಹಲ್ಲು ಇವು:

ಒಂದು, ಸ್ಕ್ರೂಗಳು. ತಲೆ ಸವೆದಿದ್ರೆ ಅಥವಾ ವಾರಂಟಿ ಸ್ಟಿಕ್ಕರ್ ಹರಿದಿದ್ರೆ ಕಾರ್ಡ್ ಬಿಚ್ಚಿದ್ದಾರೆ ಅಂತ ಅರ್ಥ. ಬಿಚ್ಚಿದ್ದೇ ತಪ್ಪಲ್ಲ, ಯಾಕೆ ಬಿಚ್ಚಿದ್ರಿ ಅಂತ ಕೇಳಿ. ಒಳ್ಳೇ ಪೇಸ್ಟ್, ಪ್ಯಾಡ್ ಹಾಕಿಸಿದ್ರೆ ಅದು ನಿಮಗೇ ಲಾಭ.

ಎರಡು, ಬೋರ್ಡಿನ ಬಣ್ಣ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಬಹಳ ಕಾಲ ಕಾದ ಜಾಗ ಕಂದು ಬಣ್ಣಕ್ಕೆ ತಿರುಗಿರುತ್ತೆ. ಪ್ಯಾಡ್‌ನಿಂದ ಎಣ್ಣೆ ಜಿನುಗಿ ಅಂಟಂಟಾಗಿದ್ರೂ ಅದು ಬಿಸಿಯ ಗುರುತೇ. ಬ್ರಾಕೆಟ್ ತುಕ್ಕು ಹಿಡಿದಿದ್ರೆ ಕಾರ್ಡ್ ತೇವದ ಜಾಗದಲ್ಲಿತ್ತು. ಚಿಪ್‌ಗಳ ಸುತ್ತ ಬಿಳಿ ಪುಡಿಯಂಥ ಕಲೆ ಇದ್ರೆ ನೀರಲ್ಲಿ ತೊಳೆದಿರಬಹುದು. ಅಂಥದ್ದನ್ನ ನಾನು ಮುಟ್ಟೋದಿಲ್ಲ.

ಮೂರು, ಎಚ್‌ಡಿಎಂಐ ಕೇಬಲ್ ಹಾಕೋ ಬಾಯಿ. ವರ್ಷಗಟ್ಟಲೆ ಗೇಮಿಂಗ್‌ಗೆ ಬಳಸಿದ್ರೆ ಒಂದಾದ್ರೂ ಗೀರು ಇರಬೇಕು. ಹೀಟ್‌ಸಿಂಕ್ ತುಂಬಾ ಧೂಳು, ಆದ್ರೆ ಪೋರ್ಟ್‌ಗಳೆಲ್ಲ ಹೊಚ್ಚ ಹೊಸದು ಅಂದ್ರೆ ಅನುಮಾನ ಪಡಿ. ಮೈನಿಂಗ್ ಕಾರ್ಡ್‌ಗೆ ಮಾನಿಟರ್ ಹಾಕೋ ಕೆಲಸವೇ ಇರಲ್ಲ.

ನಾಲ್ಕು, ಫ್ಯಾನ್. ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಲೊಡಲೊಡ ಅನ್ನಬಾರದು. ಆಮೇಲೆ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ 30ರಿಂದ 100 ಪರ್ಸೆಂಟ್‌ವರೆಗೆ ಏರಿಸಿ. ಗರಗರ ಸದ್ದು ಬಂದ್ರೆ ಬೇರಿಂಗ್ ಹೋಗಿದೆ.

ಈಗ ಕಂಪ್ಯೂಟರ್‌ಗೆ ಹಾಕಿ ನೋಡೋದು. ಮೊದಲು ಜಿಪಿಯು-ಝಡ್ ಓಪನ್ ಮಾಡಿ. ಮಾಡೆಲ್, ಮೆಮೊರಿ, ಬಯಾಸ್ ಎಲ್ಲ ಸರಿಯಿದೆಯಾ ನೋಡಿ. ಆರ್‌ಎಕ್ಸ್ 570, 580ಗಳಲ್ಲಿ ಮೈನಿಂಗ್‌ಗಂತಲೇ ಬಯಾಸ್ ತಿದ್ದೋದು ಮಾಮೂಲಿಯಾಗಿತ್ತು. ಆಮೇಲೆ ಫರ್‌ಮಾರ್ಕ್ ಅಥವಾ ಸೂಪರ್‌ಪೊಸಿಷನ್ 20–30 ನಿಮಿಷ ಓಡಿಸಿ. ಎರಡು ನಿಮಿಷ ಓಡಿಸಿ ತೋರಿಸಿದ್ರೆ ಸಾಲದು, ಬಿಸಿಯಾದ ಮೇಲೇ ಖಾಯಿಲೆ ಹೊರಗೆ ಬರೋದು. ಪರದೆ ಮೇಲೆ ಬಣ್ಣದ ಚುಕ್ಕೆ, ಗೆರೆ, ಚೌಕಳಿ ಕಂಡ್ರೆ ಅಲ್ಲಿಗೇ ಮಾತು ಮುಗಿಸಿ. ಕೊನೆಗೆ ಓಸಿಸಿಟಿಯಲ್ಲಿ ವಿರ್‍ಯಾಮ್ ಟೆಸ್ಟ್ ಮಾಡಿ. ಒಂದೇ ಒಂದು ಎರರ್ ಬಂದ್ರೂ ಕಾರ್ಡ್ ಬೇಡ.

3080, 3090 ಆದ್ರೆ ಎಚ್‌ಡಬ್ಲ್ಯುಇನ್ಫೋದಲ್ಲಿ ಮೆಮೊರಿ ಜಂಕ್ಷನ್ ತಾಪ ನೋಡಿ. ಇವುಗಳ ಜಿಡಿಡಿಆರ್6ಎಕ್ಸ್ ಮೆಮೊರಿ ಹುಟ್ಟಿನಿಂದಲೇ ಬಿಸಿ ಜಾಸ್ತಿ. 110 ಡಿಗ್ರಿ ಹತ್ತಿರ ಹೋದ್ರೆ ಪ್ಯಾಡ್ ಬದಲಿಸಲೇಬೇಕು, ಆ ಖರ್ಚನ್ನ ರೇಟಿನಲ್ಲಿ ಕಳೆಯಿರಿ.

"ಇದು ಎಲ್‌ಎಚ್‌ಆರ್ ಕಾರ್ಡ್, ಮೈನಿಂಗ್ ಆಗೋದೇ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆ ಲಿಮಿಟರ್ ಎಥೀರಿಯಂ ಮೈನಿಂಗ್ ವೇಗವನ್ನ ತಗ್ಗಿಸ್ತಿತ್ತು ಅಷ್ಟೇ, ನಿಲ್ಲಿಸ್ತಿರಲಿಲ್ಲ. 2022ರ ಮೇನಲ್ಲಿ ಅದನ್ನೂ ಪೂರ್ತಿ ಬಿಡಿಸಿಬಿಟ್ರು.

ಹಾಗಂತ ಮೈನಿಂಗ್ ಕಾರ್ಡ್ ಅಂದ ತಕ್ಷಣ ಓಡಿಹೋಗಬೇಕಿಲ್ಲ. ಒಂದೇ ತಾಪದಲ್ಲಿ, ಕಡಿಮೆ ವೋಲ್ಟೇಜಲ್ಲಿ, ಗಾಳಿಯಾಡೋ ಜಾಗದಲ್ಲಿ ಓಡಿದ ಕಾರ್ಡ್, ಇಕ್ಕಟ್ಟಾದ ಕ್ಯಾಬಿನೆಟ್‌ನಲ್ಲಿ ಬೆಂದ ಗೇಮಿಂಗ್ ಕಾರ್ಡ್‌ಗಿಂತ ವಾಸಿ ಇರಬಹುದು. ಮೈನಿಂಗ್ ಮಾಡಿದ್ದೆ ಅಂತ ಒಪ್ಪಿಕೊಂಡು, ಟೆಸ್ಟ್‌ಗೆ ಬಿಟ್ಟು, ರೇಟ್ ಇಳಿಸೋನ ಹತ್ರ ನಾನು ಧೈರ್ಯವಾಗಿ ವ್ಯವಹಾರ ಮಾಡ್ತೀನಿ. ಬಿಲ್ ಕೇಳಿ, ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟಲ್ಲಿ ವಾರಂಟಿ ನೋಡಿ. ಟೆಸ್ಟ್ ಮುಗಿಯೋವರೆಗೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. "ಟೆಸ್ಟ್ ಮಾಡೋಕೆ ಟೈಮ್ ಇಲ್ಲ, ಇನ್ನೊಬ್ರು ಬರ್ತಿದ್ದಾರೆ" ಅಂದ್ರೆ, ಆ ಇನ್ನೊಬ್ರಿಗೇ ಕೊಡಿ ಅಂತ ಹೇಳಿ ಎದ್ದು ಬನ್ನಿ.