ಹಳೆಯ ಕಾರೂ ಅಯಸ್ಕಾಂತವೂ

ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿಗೆ ಇಂದಿಗೂ ಕೊಳ್ಳುವವರಿದ್ದಾರೆ. ಅವರು ಮೊದಲು ಎಂಜಿನನ್ನು ಪರೀಕ್ಷಿಸುವುದು ವಾಡಿಕೆ. ಆದರೆ ಎಂಜಿನನ್ನು ಬದಲಿಸಬಹುದು. ನಿಜವಾದ ಅಪಾಯವಿರುವುದು ಬಾಗಿಲುಗಳ ಕೆಳಗೆ.

ಈ ಕಾರಿಗೆ ಪ್ರತ್ಯೇಕ ಚೌಕಟ್ಟಿಲ್ಲ. ಉಕ್ಕಿನ ತಗಡಿನ ಒಡಲೇ ಭಾರವನ್ನು ಹೊರುತ್ತದೆ. ತೆರೆದ ಮಾದರಿಗೆ ಗಟ್ಟಿ ಮಾಡೂ ಇಲ್ಲ. ಆದುದರಿಂದ ಕಾರು ನಡುವೆ ಬಾಗದಂತೆ ತಡೆಯುವ ಹೊಣೆ ಬಹುಮಟ್ಟಿಗೆ ಬಾಗಿಲ ಕೆಳಗಿನ ಟೊಳ್ಳು ತೊಲೆಗಳದು. ಅವುಗಳೊಳಗೆ ನೀರೂ ಕೆಸರೂ ಸೇರಿದರೆ ಉಕ್ಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿದ್ದರೆ ಕಣ್ಣು ಮೋಸಹೋದೀತು, ಅಯಸ್ಕಾಂತ ಮೋಸಹೋಗದು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ತೊಲೆಯುದ್ದಕ್ಕೂ ಸರಿಸಿ ನೋಡಿರಿ. ಉಕ್ಕಿರುವೆಡೆ ಅದು ಅಂಟಿಕೊಳ್ಳುವುದು. ದಪ್ಪನಾದ ಪುಟ್ಟಿಯ ಮೇಲೆ ಜಾರುವುದು.

ಕೊಳೆತ ತೊಲೆಯ ಮೇಲೆ ಹೊಸ ತಗಡನ್ನು ಹೊದಿಸಿದ್ದರೆ ಅಯಸ್ಕಾಂತವೂ ಸೋಲುತ್ತದೆ. ಆಗ ಕಾರನ್ನು ಜಾಕಿಯಿಂದ ಎತ್ತಿ ಬಾಗಿಲ ಸಂದನ್ನು ಗಮನಿಸಬೇಕು. ಸಂದು ಬದಲಾದರೆ, ಇಲ್ಲವೆ ಬಾಗಿಲು ಸಿಕ್ಕಿಕೊಂಡರೆ, ತೊಲೆ ಶಕ್ತಿಗುಂದಿದೆಯೆಂದೇ ತಿಳಿಯಬೇಕು.

ಇದಕ್ಕೆ ಪರಿಹಾರವೆಂದರೆ ಕೊಳೆತ ಭಾಗವನ್ನು ಕತ್ತರಿಸಿ ಹೊಸ ಉಕ್ಕನ್ನು ಬೆಸೆಯುವುದು. ಆಗ ಒಡಲಿಗೆ ಸಮನಾದ ಆಧಾರ ಕೊಡದಿದ್ದರೆ ಬಾಗಿದ ಕಾರು ಬಾಗಿದಂತೆಯೇ ಉಳಿದುಬಿಡುತ್ತದೆ. ಹೊಳೆಯುವ ಬಣ್ಣಕ್ಕೆ ಬೆಲೆ ಕಟ್ಟುವ ಮುನ್ನ ಭಾರ ಹೊರುವ ಭಾಗವನ್ನು ಪರೀಕ್ಷಿಸುವುದೇ ಜಾಣತನ.