ಹ್ಯಾಲೊಜನ್ ದೀಪದ ಕಾರುಗಳಿಗೆ ಕ್ಸೆನಾನ್ ಹೆಡ್‌ಲೈಟ್ ಅಳವಡಿಕೆ: ವಾಹನ ಮಾಲೀಕರ ಮಾಹಿತಿಗಾಗಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ರಸ್ತೆಗಳು ಬಹುಪಾಲು ಕಾಡು, ಅಡಿಕೆ ತೋಟ ಹಾಗೂ ಗದ್ದೆಗಳ ನಡುವೆ ಹಾದುಹೋಗುತ್ತವೆ. ಊರಿನ ಎಲ್ಲೆ ದಾಟಿದ ನಂತರ ರಾತ್ರಿಯ ವೇಳೆ ವಾಹನದ ದೀಪವೊಂದೇ ಆಧಾರ. ಆದುದರಿಂದ ಹ್ಯಾಲೊಜನ್ ದೀಪಗಳಿರುವ ಕಾರಿಗೆ ಹೆಚ್ಚು ಪ್ರಕಾಶದ ಕ್ಸೆನಾನ್ ಕಿಟ್ ಅಳವಡಿಸಲು ಮಾಲೀಕರು ಬಯಸುವುದು ಸಹಜ. ಇಂತಹ ಅಳವಡಿಕೆಯ ತಾಂತ್ರಿಕ ಪರಿಣಾಮಗಳು, ಕಾನೂನಿನ ಉಪಬಂಧಗಳು ಹಾಗೂ ಪರ್ಯಾಯ ಕ್ರಮಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಎರಡು ದೀಪಗಳ ನಡುವಣ ವ್ಯತ್ಯಾಸ

ಹ್ಯಾಲೊಜನ್ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯು ಕಾದು ಬೆಳಕು ನೀಡುತ್ತದೆ. ಸಾಮಾನ್ಯ ಕಾರುಗಳಲ್ಲಿ ಬಳಕೆಯಲ್ಲಿರುವ ಎಚ್4 ಬಲ್ಬಿನ ಸಾಮರ್ಥ್ಯ 60/55 ವ್ಯಾಟ್. ಇದರ ಡಿಮ್ ತಂತಿಯು ಸುಮಾರು 1,000 ಲ್ಯೂಮೆನ್ ಬೆಳಕು ಕೊಡುತ್ತದೆ. ಕ್ಸೆನಾನ್ ಬಲ್ಬಿನಲ್ಲಿ ತಂತಿ ಇರುವುದಿಲ್ಲ. ಅನಿಲ ತುಂಬಿದ ಕೊಳವೆಯಲ್ಲಿ ಎರಡು ವಿದ್ಯುದ್ವಾರಗಳ ನಡುವೆ ವಿದ್ಯುತ್ ಚಾಪವು ಉರಿಯುತ್ತದೆ. ಇದನ್ನು ಹೊತ್ತಿಸಲು ಸುಮಾರು 20,000 ವೋಲ್ಟಿಗೂ ಮೀರಿದ ಒತ್ತಡ ಬೇಕಾಗುವುದರಿಂದ ಬ್ಯಾಲಸ್ಟ್ ಎಂಬ ಪ್ರತ್ಯೇಕ ಉಪಕರಣವನ್ನು ಜೋಡಿಸಲಾಗುತ್ತದೆ. ಡಿ2ಎಸ್ ಮಾದರಿಯ ಕ್ಸೆನಾನ್ ಬಲ್ಬು ಕೇವಲ 35 ವ್ಯಾಟ್ ಬಳಸಿ ಸುಮಾರು 3,200 ಲ್ಯೂಮೆನ್ ಬೆಳಕು ನೀಡುತ್ತದೆ. 1991ರಲ್ಲಿ ಬಿಎಂಡಬ್ಲ್ಯು ಸಂಸ್ಥೆಯು ತನ್ನ 7 ಸರಣಿಯ ಕಾರುಗಳಲ್ಲಿ ಈ ದೀಪವನ್ನು ಮೊದಲಿಗೆ ಬಳಕೆಗೆ ತಂದಿತು.

ಬಲ್ಬ್ ಮಾತ್ರ ಬದಲಾಯಿಸಿದಲ್ಲಿ ಆಗುವ ಪರಿಣಾಮ

ಹೆಡ್‌ಲೈಟ್ ಎಂಬುದು ಬಲ್ಬ್ ಮಾತ್ರವಲ್ಲ. ಬಲ್ಬ್, ಪ್ರತಿಫಲಕ ಮತ್ತು ಮುಂಭಾಗದ ಗಾಜು ಸೇರಿ ಒಂದು ಘಟಕವಾಗಿರುತ್ತದೆ. ಎಚ್4 ಬಲ್ಬಿನ ಡಿಮ್ ತಂತಿಯ ಕೆಳಗೆ ಲೋಹದ ಸಣ್ಣ ಬಟ್ಟಲೊಂದಿರುತ್ತದೆ. ಪ್ರತಿಫಲಕದ ಕೆಳ ಅರ್ಧಕ್ಕೆ ಬೆಳಕು ಬೀಳದಂತೆ ಅದು ತಡೆಯುವುದರಿಂದಲೇ ಡಿಮ್ ಬೆಳಕು ಎದುರಿನವರ ಕಣ್ಣಿನ ಮಟ್ಟಕ್ಕೆ ಏರುವುದಿಲ್ಲ. ತಂತಿಯ ಸ್ಥಾನ, ಉದ್ದ ಮತ್ತು ಆಕಾರಕ್ಕೆ ಅನುಗುಣವಾಗಿ ಪ್ರತಿಫಲಕವನ್ನು ರೂಪಿಸಲಾಗಿರುತ್ತದೆ.

ಕ್ಸೆನಾನ್ ಚಾಪದ ಆಕಾರವು ತಂತಿಯ ಆಕಾರದಂತಿರುವುದಿಲ್ಲ. ಹ್ಯಾಲೊಜನ್ ಘಟಕದಲ್ಲಿ ಅದನ್ನು ಕೂರಿಸಿದಾಗ ಎರಡು ಮೂರು ಪಟ್ಟು ಬೆಳಕು ಉದ್ದೇಶಿಸದ ದಿಕ್ಕುಗಳಿಗೂ ಚದುರುತ್ತದೆ. ಕಾರಿನ ಮುಂದಿನ ಕೆಲವು ಮೀಟರ್ ರಸ್ತೆ ಪ್ರಖರವಾಗಿ ಬೆಳಗುವುದರಿಂದ ಚಾಲಕರಿಗೆ ದೀಪ ಸುಧಾರಿಸಿದಂತೆ ತೋರುತ್ತದೆ. ಆದರೆ ಹತ್ತಿರದ ನೆಲ ಅತಿಯಾಗಿ ಬೆಳಗಿದಷ್ಟೂ ದೂರದ ಕತ್ತಲಲ್ಲಿರುವ ಜನ, ಜಾನುವಾರುಗಳನ್ನು ಗುರುತಿಸುವ ಕಣ್ಣಿನ ಶಕ್ತಿ ಕುಗ್ಗುತ್ತದೆ. ಎದುರಿನಿಂದ ಬರುವವರ ಕಣ್ಣು ಕೋರೈಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನ ಚಾಲಕರಿಗೆ ಮೂರು ಸೆಕೆಂಡು ಕಣ್ಣು ಕಾಣದಾದಲ್ಲಿ ಅವರು 50 ಮೀಟರ್ ದೂರವನ್ನು ರಸ್ತೆ ಕಾಣದೆಯೇ ಕ್ರಮಿಸಿರುತ್ತಾರೆ. ವಯಸ್ಸಾದವರ ಕಣ್ಣು ಚೇತರಿಸಿಕೊಳ್ಳಲು ಇನ್ನೂ ಹೆಚ್ಚಿನ ಸಮಯ ಬೇಕಾಗುತ್ತದೆ.

ಕಾರ್ಖಾನೆಯಲ್ಲಿಯೇ ಕ್ಸೆನಾನ್ ದೀಪ ಅಳವಡಿಸಿದ ಕಾರುಗಳಲ್ಲಿ ಅದಕ್ಕೆಂದೇ ವಿನ್ಯಾಸಗೊಳಿಸಿದ ಘಟಕವಿರುತ್ತದೆ. ಹಿಂಭಾಗದ ಹೊರೆಯಿಂದ ಕಾರಿನ ಮೂತಿ ಮೇಲೆದ್ದಾಗ ಬೆಳಕನ್ನು ತಾನಾಗಿಯೇ ತಗ್ಗಿಸುವ ವ್ಯವಸ್ಥೆ ಹಾಗೂ ಗಾಜು ತೊಳೆಯುವ ವ್ಯವಸ್ಥೆಯನ್ನು ಯುರೋಪಿನ ನಿಯಮಗಳು ಇಂತಹ ದೀಪಗಳಿಗೆ ಕಡ್ಡಾಯಗೊಳಿಸಿದ್ದವು. ಮಾರುಕಟ್ಟೆಯಲ್ಲಿ ದೊರೆಯುವ ಬಲ್ಬ್ ಕಿಟ್‌ನಲ್ಲಿ ಇವು ಯಾವುವೂ ಬರುವುದಿಲ್ಲ. ಹ್ಯಾಲೊಜನ್ ಘಟಕದಲ್ಲಿ ಕೂರಿಸುವ ಎಲ್‌ಇಡಿ ಬಲ್ಬುಗಳಿಂದಲೂ ಬೆಳಕು ಇದೇ ರೀತಿ ಚದುರುವ ಸಂಭವವಿರುತ್ತದೆ.

ಮಲೆನಾಡಿನ ರಸ್ತೆಗಳಲ್ಲಿ ವಿಶೇಷ ಎಚ್ಚರಿಕೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ. ಆಗುಂಬೆ ಘಾಟಿ ಹಾಗೂ ಹೊಸನಗರ ತಾಲ್ಲೂಕಿನ ಹುಲಿಕಲ್ ಘಾಟಿಯ ತಿರುವುಗಳಲ್ಲಿ ಮಂಜು ಕವಿಯುವುದು ಸಾಮಾನ್ಯ. ಮಂಜಿನಲ್ಲಿ ಮೇಲಕ್ಕೆ ಚದುರಿದ ಬೆಳಕು ನೀರಿನ ಕಣಗಳಿಗೆ ತಾಗಿ ಚಾಲಕರ ಕಣ್ಣಿಗೇ ಹಿಂದಿರುಗುತ್ತದೆ, ಕಾರಿನ ಮುಂದೆ ಬಿಳಿಯ ಗೋಡೆ ಎದ್ದಂತಾಗುತ್ತದೆ. ಒದ್ದೆಯಾದ ಡಾಂಬರು ರಸ್ತೆಯು ಕನ್ನಡಿಯಂತೆ ವರ್ತಿಸಿ ಬೆಳಕನ್ನು ಎದುರಿನವರತ್ತ ಎಸೆಯುತ್ತದೆ. ಹೆಚ್ಚು ನೀಲಿ ಛಾಯೆಯ ಬಲ್ಬುಗಳು ಕಾರ್ಖಾನೆಯ ಕ್ಸೆನಾನ್ ಬಲ್ಬುಗಳಿಗಿಂತ ಕಡಿಮೆ ಬೆಳಕು ನೀಡುತ್ತವೆಯೇ ಹೊರತು ಹೆಚ್ಚು ನೀಡುವುದಿಲ್ಲ.

ಸಾಗರ ತಾಲ್ಲೂಕಿನ ಸಿಗಂದೂರು ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಅದಕ್ಕೂ ಮುನ್ನ ಶರಾವತಿ ಹಿನ್ನೀರನ್ನು ದಾಟಿಸುತ್ತಿದ್ದ ಲಾಂಚ್ ಸಂಜೆಗೆ ನಿಲ್ಲುತ್ತಿದ್ದುದರಿಂದ ತುಮರಿ ಭಾಗಕ್ಕೆ ಆ ದಾರಿಯಲ್ಲಿ ರಾತ್ರಿ ವಾಹನಗಳು ಹೋಗುವಂತಿರಲಿಲ್ಲ. ಈಗ ಆ ಭಾಗದ ಕಿರಿದಾದ ರಸ್ತೆಗಳಲ್ಲಿಯೂ ರಾತ್ರಿ ವಾಹನಗಳು ಎದುರುಬದುರಾಗುತ್ತವೆ. ಅಂಚಿಗೆ ಸರಿದು ದಾರಿ ಬಿಡಬೇಕಾದ ಇಂತಹ ಕಡೆ ಕಣ್ಣು ಕೋರೈಸಿದ ಚಾಲಕರಿಗೆ ರಸ್ತೆಯ ಅಂಚೇ ಕಾಣದಾಗುತ್ತದೆ.

ಕಾನೂನಿನ ಉಪಬಂಧಗಳು

1. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 106ರಂತೆ ಮುಂಭಾಗದ ದೀಪದ ಬೆಳಕು ಕಣ್ಣು ಕೋರೈಸದಂತೆ ಕೆಳಮುಖವಾಗಿರತಕ್ಕದ್ದು. 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಈ ಸಂಬಂಧ ಅಳತೆಗೆ ತೆಗೆದುಕೊಳ್ಳಲಾಗಿದೆ.

2. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ.

3. 2019ರ ತಿದ್ದುಪಡಿ ಅಧಿನಿಯಮದ ಮೂಲಕ ಸೇರಿಸಲಾದ ಪ್ರಕರಣ 182ಎ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗಗಳನ್ನು ಅಳವಡಿಸಿ ವಾಹನ ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

4. ಕಣ್ಣು ಕುಕ್ಕುವ ದೀಪಗಳ ವಿರುದ್ಧ 2024ರ ಜುಲೈ ತಿಂಗಳಿನಿಂದ ರಾಜ್ಯದಾದ್ಯಂತ ಪ್ರಕರಣ ದಾಖಲಿಸುವುದಾಗಿ ಕರ್ನಾಟಕ ಪೊಲೀಸ್ ಇಲಾಖೆಯು ಪ್ರಕಟಿಸಿತ್ತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಖಾಸಗಿ ಕಾರಿನ ನೋಂದಣಿಯು 15 ವರ್ಷ ಊರ್ಜಿತವಿದ್ದು, ನಂತರ ಐದು ವರ್ಷಗಳಿಗೆ ನವೀಕರಿಸಲು ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮುಗಿಯುವ ದಿನಾಂಕಕ್ಕೆ 60 ದಿನ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಈ ಸಂದರ್ಭದಲ್ಲಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳು ಎಫ್.ಸಿ. ಎಂದು ಕರೆಯಲಾಗುವ ಅರ್ಹತಾ ಪತ್ರಕ್ಕಾಗಿ ಹಾಜರಾದಾಗಲೂ ಹೆಡ್‌ಲೈಟ್ ಪರಿಶೀಲನೆ ನಡೆಯುತ್ತದೆ. ಆದುದರಿಂದ ಕಿಟ್ ಅಳವಡಿಸಿರುವವರು ಅದನ್ನು ತೆಗೆಸಿ ಮೂಲ ಮಾದರಿಯ ಬಲ್ಬ್ ಹಾಕಿಸಿದ ನಂತರವೇ ವಾಹನವನ್ನು ತರುವುದು ಸೂಕ್ತ.

ಹಳೆಯ ಕಾರು ಕೊಳ್ಳುವವರು ನಮೂನೆ 29 ಮತ್ತು 30ಕ್ಕೆ ಸಹಿ ಮಾಡುವ ಮೊದಲು ಹೆಡ್‌ಲೈಟ್ ಗಾಜಿನ ಮೇಲಿನ ಗುರುತನ್ನು ನೋಡುವುದು ಒಳಿತು. ಅಂತರರಾಷ್ಟ್ರೀಯ ಗುರುತಿರುವ ದೀಪಗಳಲ್ಲಿ ಎಚ್‌ಸಿ, ಎಚ್‌ಆರ್ ಅಥವಾ ಎಚ್‌ಸಿಆರ್ ಎಂದಿದ್ದಲ್ಲಿ ಅದು ಹ್ಯಾಲೊಜನ್ ಘಟಕ. ಡಿಸಿ ಅಥವಾ ಡಿಆರ್ ಎಂದಿದ್ದಲ್ಲಿ ಕ್ಸೆನಾನ್ ಘಟಕ. ಮೊದಲನೆಯ ಗುರುತಿನ ಘಟಕದಲ್ಲಿ ಕ್ಸೆನಾನ್ ಬಲ್ಬ್ ಕಂಡುಬಂದಲ್ಲಿ ಅದನ್ನು ಹಿಂದಿನ ಮಾಲೀಕರಿಂದಲೇ ಸರಿಪಡಿಸಿಕೊಳ್ಳತಕ್ಕದ್ದು.

ಬೆಳಕು ಸಾಲದಿದ್ದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

1. ಹಳದಿಗಟ್ಟಿದ ಪ್ಲಾಸ್ಟಿಕ್ ಗಾಜನ್ನು ಪಾಲಿಶ್ ಮಾಡಿಸುವುದು; ಪ್ರತಿಫಲಕದ ಹೊಳಪು ಹೋಗಿದ್ದಲ್ಲಿ ಅದೇ ಮಾದರಿಯ ಹೊಸ ಘಟಕ ಹಾಕಿಸುವುದು.

2. ವೈರಿಂಗ್ ಪರೀಕ್ಷಿಸುವುದು. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಮಳೆನಾಡಿನಲ್ಲಿ ತುಕ್ಕು ಹಿಡಿದ ಅರ್ಥಿಂಗ್ ಇದಕ್ಕೆ ಕಾರಣವಾಗಿರಬಹುದು.

3. ತಯಾರಕರು ಸೂಚಿಸಿದ ವ್ಯಾಟ್‌ನ ಉತ್ತಮ ಗುಣಮಟ್ಟದ ಹ್ಯಾಲೊಜನ್ ಬಲ್ಬುಗಳನ್ನು ಎರಡೂ ಬದಿಗೆ ಒಟ್ಟಿಗೆ ಹಾಕಿಸುವುದು.

4. ದೀಪದ ಕೋನ ಸರಿಪಡಿಸುವುದು. ಕೆಳಮುಖ ಇಳಿಜಾರು ಶೇ. 1 ಎಂದಿದ್ದಲ್ಲಿ 10 ಮೀಟರ್ ದೂರದ ಗೋಡೆಯ ಮೇಲೆ ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗಿರಬೇಕು.

5. ಮಂಜಿನಲ್ಲಿ ಡಿಮ್ ಬೆಳಕನ್ನೇ ಬಳಸಿ ವೇಗ ತಗ್ಗಿಸುವುದು.

ಈ ಐದು ಕ್ರಮಗಳಲ್ಲಿ ಯಾವುದಕ್ಕೂ ಇಲಾಖೆಯ ಅನುಮತಿ ಬೇಕಾಗಿಲ್ಲ. ವಾಹನದಲ್ಲಿ ಬೇರೆ ಯಾವುದೇ ಮಾರ್ಪಾಡು ಮಾಡಿಸಲು ಉದ್ದೇಶಿಸಿರುವವರು ಹಣ ವ್ಯಯಿಸುವ ಮುನ್ನವೇ ತಮ್ಮ ವಾಹನದ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.